ಎದೆಯುರಿ ಎಂದವರಿಗೆ ಮೊದಲು ಇಸಿಜಿ ಆಗಲಿ

ಮಾನ್ಯ ಸಂಪಾದಕರೇ,

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದರಂತೆ ವರದಿಯಾದ ಹಠಾತ್ ಸಾವುಗಳು ಜನರಲ್ಲಿ ಎಂಥ ಭಯ ಹುಟ್ಟಿಸಿದ್ದವು ಎಂಬುದು ತಮಗೆ ನೆನಪಿರಬಹುದು. ಆ ದಿನಗಳಲ್ಲಿ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಅವರಲ್ಲಿ ಎಷ್ಟೋ ಮಂದಿ ಮೈಯಲ್ಲಿ ಯಾವ ತೊಂದರೆಯೂ ಇಲ್ಲದೆ ಬರೀ ಹೆದರಿಕೆಯಿಂದ ಹೋದವರು. ಕೊನೆಗೆ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಮಾತ್ರ ಹೃದಯಕ್ಕೆ ಸಂಬಂಧಿಸಿದವು ಎಂದು ವರದಿ ಕೊಟ್ಟಿತು. ಕೋವಿಡ್ ಲಸಿಕೆಗೂ ಹಠಾತ್ ಸಾವುಗಳಿಗೂ ಸಂಬಂಧ ಕಂಡುಬಂದಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯವೂ ಅದೇ ಹೊತ್ತಿಗೆ ಸ್ಪಷ್ಟಪಡಿಸಿತು. ಭಯ ಇಳಿಯಿತು. ಭಯದ ಜೊತೆಗೆ ಹೃದಯದ ಬಗೆಗಿನ ಮಾತೂ ನಿಂತುಹೋಯಿತು. ನಮ್ಮ ಹಳ್ಳಿಗಳಲ್ಲಿ ಜೀವ ಹೋಗುವುದಕ್ಕೆ ಬಹಳ ಸಲ ಕಾರಣವಾಗುವ ಒಂದು ಸಾಮಾನ್ಯ ತಪ್ಪಿನ ಕಡೆಗೆ ಆ ಗದ್ದಲದಲ್ಲಿ ಯಾರ ಗಮನವೂ ಹರಿಯಲಿಲ್ಲ ಎಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

ಆ ತಪ್ಪು ಇರುವುದು ‘ಗ್ಯಾಸ್ಟ್ರಿಕ್’ ಎಂಬ ಒಂದು ಪದದಲ್ಲಿ. ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಎದೆಹಿಡಿತ, ಬೆನ್ನಿನ ಸೆಳೆತ, ಭುಜದ ನೋವು ಇಷ್ಟಕ್ಕೂ ನಾವು ಒಂದೇ ಹೆಸರಿಟ್ಟುಕೊಂಡಿದ್ದೇವೆ. ಹೆಸರು ಸಿಕ್ಕಿತೆಂದರೆ ಮದ್ದೂ ಸಿಕ್ಕಿತೆಂದೇ ಲೆಕ್ಕ. ಜೀರಿಗೆ ಕಷಾಯ, ಗೋಲಿಸೋಡ, ಈನೋ ಪೊಟ್ಟಣ, ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ಕೂಡಲೇ ಕೊಡುವ ಮಾತ್ರೆ. ಇವುಗಳಿಂದ ಹೊಟ್ಟೆಗೆ ಕೆಡುಕಾಗುವುದು ಕಡಿಮೆ, ನಿಜ. ಇವು ಕೆಲಸ ಮಾಡಿಯಾವು ಎಂದು ಕಾಯುತ್ತ ಕೂರುವ ಒಂದೊಂದು ಗಂಟೆಯೂ, ತೊಂದರೆ ಹೃದಯದ್ದಾಗಿದ್ದರೆ, ಮತ್ತೆ ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮಣ್ಣನಿಗೆ ಆಗ 54 ವರ್ಷ. ತೆಂಗಿನ ತೋಟ, ಎರಡು ಸೀಮೆಹಸು, ಹತ್ತು ವರ್ಷದ ಸಕ್ಕರೆ ಕಾಯಿಲೆ, ದಿನಕ್ಕೊಂದು ಕಟ್ಟು ಬೀಡಿ. ಆರು ವರ್ಷಗಳ ಹಿಂದಿನ ಮಾಗಿಯ ಒಂದು ಬೆಳಿಗ್ಗೆ ಐದೂವರೆಗೆ ಹಾಲು ಕರೆಯುತ್ತಿದ್ದವನು ಅರ್ಧಕ್ಕೇ ಎದ್ದು ಬಂದು ಜಗಲಿಯ ಮೇಲೆ ಕೂತ. ಅಂಥ ಚಳಿಯಲ್ಲೂ ಬನಿಯನ್ನು ಬೆನ್ನಿಗೆ ಅಂಟುವಷ್ಟು ಬೆವರಿತ್ತು ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. ಎದೆಗುಂಡಿಗೆಯ ಹತ್ತಿರ ಉರಿ, ಒಂದು ಸಲ ವಾಂತಿ. “ರಾತ್ರಿ ಅವರೆಕಾಳು ಸಾರು ಜಾಸ್ತಿ ಆಯ್ತು, ಗ್ಯಾಸ್ಟ್ರಿಕ್ಕು, ಒಂದ್ ಲೋಟ ಜೀರಿಗೆ ನೀರು ಕಾಯಿಸ್ಕೊಡು” ಎಂದನಂತೆ. ಕುಡಿದ, ತೇಗಿದ, ತೇಗಿದ ಮೇಲೆ ಸ್ವಲ್ಪ ಹಗುರವಾಯಿತು ಎಂದ. ಆ ಹಗುರವೇ ನಮಗೆ ಮುಳುವಾಯಿತು. ಎಂಟು ಗಂಟೆಗೆ ಅಂಗಡಿಯ ಮಾತ್ರೆ ನುಂಗಿದ್ದಾಯಿತು. ಒಂಬತ್ತೂವರೆಗೆ ಪಕ್ಕದ ಊರಿನ ಕ್ಲಿನಿಕ್ಕೊಂದರಲ್ಲಿ ಇಂಜೆಕ್ಷನ್ ಹಾಕಿಸಿದ್ದಾಯಿತು. ಅಲ್ಲಿ ನಾಡಿ ಹಿಡಿದು ನೋಡಿದರೇ ಹೊರತು, ಹೃದಯದ ವಿದ್ಯುತ್ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಇಸಿಜಿ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ನನಗೆ ಫೋನ್ ಬಂದಾಗ ಹನ್ನೊಂದು ಗಂಟೆ. ನಾನು ಕೇಳಿದ ಮೊದಲ ಪ್ರಶ್ನೆಯೂ “ರಾತ್ರಿ ಏನು ಊಟ ಮಾಡಿದ್ದ?” ಎಂಬುದೇ ಆಗಿತ್ತು. ಪ್ರೌಢಶಾಲೆಯ ಕಪ್ಪುಹಲಗೆಯ ಮೇಲೆ ಇಪ್ಪತ್ತೆಂಟು ವರ್ಷ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ತೋರಿಸಿದ ವಿಜ್ಞಾನದ ಮೇಷ್ಟರು ನಾನು.

ಕೊನೆಗೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆದದ್ದು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ. ಗುಲಾಬಿ ಬಣ್ಣದ ಚೌಕುಳಿ ಕಾಗದದ ಮೂಲೆಯಲ್ಲಿ ಸಮಯ ಅಚ್ಚಾಗಿತ್ತು. ಚೂಪಾಗಿ ಮೇಲೆದ್ದ ಗೆರೆ ಮತ್ತೆ ತನ್ನ ಮಟ್ಟಕ್ಕೆ ಇಳಿಯಬೇಕಾದ ಕಡೆ ಇಳಿಯದೆ ಬೋರೆಯ ಹಾಗೆ ಉಬ್ಬಿಕೊಂಡೇ ಸಾಗಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರು ಆ ಉಬ್ಬಿನ ಮೇಲೆ ಬೆರಳಿಟ್ಟು, “ನೋವು ಶುರುವಾಗಿದ್ದು ಎಷ್ಟು ಗಂಟೆಗೆ?” ಎಂದು ಕೇಳಿದರು. ಬೆಳಿಗ್ಗೆ ಐದೂವರೆ ಎಂದಾಗ ಅವರು ಒಂದು ಕ್ಷಣ ಮಾತಾಡಲಿಲ್ಲ. ಅಣ್ಣನ ಜೀವ ಉಳಿಯಿತು, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆಯನ್ನೂ ಹಾಕಿದರು. ಆದರೆ ಎಕೋ ಎಂಬ ಹೃದಯದ ಸ್ಕ್ಯಾನಿಂಗ್‌ನಲ್ಲಿ ಹೃದಯದ ಪಂಪಿಂಗ್, ಅಂದರೆ ತುಂಬಿಕೊಂಡ ರಕ್ತದಲ್ಲಿ ಅದು ಒಂದು ಬಡಿತಕ್ಕೆ ಹೊರದಬ್ಬುವ ಪಾಲು, 30 ಪ್ರತಿಶತ ಎಂದು ಬಂತು. ಅದು ಸಾಮಾನ್ಯವಾಗಿ 55ಕ್ಕಿಂತ ಹೆಚ್ಚಿರಬೇಕು. ಆಮೇಲಿನ ಎರಡೂವರೆ ವರ್ಷ ಅವನು ತನ್ನ ತೋಟದ ಬೇಲಿಯ ತನಕ ನಡೆಯಲಾರದೆ, ಪಾದ ಊದಿಕೊಂಡು, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡಿ, ತೀರಿಕೊಂಡ.

ಹೃದಯಕ್ಕೆ ರಕ್ತ ಎಲ್ಲಿಂದ ಬರುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ನಗುತ್ತಿದ್ದರು. “ಹೃದಯದಲ್ಲೇ ಇದೆಯಲ್ಲ ಸಾರ್!” ಎಂಬುದು ಅವರ ಉತ್ತರ. ಮುಷ್ಟಿಯಷ್ಟು ದೊಡ್ಡ, ಸುಮಾರು 300 ಗ್ರಾಂ ತೂಗುವ ಈ ಸ್ನಾಯು ದಿನಕ್ಕೆ ಒಂದು ಲಕ್ಷ ಸಲ ಬಡಿದುಕೊಳ್ಳುತ್ತ, ಸುಮ್ಮನೆ ಕೂತಿದ್ದಾಗಲೂ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತವನ್ನು ಇಡೀ ಮೈಗೆ ಕಳಿಸುತ್ತದೆ. ಆದರೆ ತನ್ನ ಕೋಣೆಗಳಲ್ಲಿ ತುಂಬಿಕೊಂಡ ಆ ರಕ್ತವನ್ನು ಅದು ನೇರವಾಗಿ ಬಳಸಿಕೊಳ್ಳಲಾರದು. ಹೃದಯದಿಂದ ಹೊರಡುವ ಮಹಾಪಧಮನಿಯ ಬುಡದಲ್ಲೇ ಎರಡು ಸಣ್ಣ ನಾಳಗಳು ಕವಲೊಡೆದು, ಎಡಗಡೆಯದು ಸ್ವಲ್ಪ ದೂರದಲ್ಲೇ ಮತ್ತೆ ಎರಡಾಗಿ, ಹೀಗೆ ಮೂರು ಮುಖ್ಯ ನಾಳಗಳು ಹೃದಯದ ಹೊರಮೈಯನ್ನು ಬಳಸಿ ಒಳಕ್ಕೆ ಬೇರಿಳಿಸಿ ಆ ಸ್ನಾಯುವಿಗೆ ಅನ್ನ ಕೊಡುತ್ತವೆ. ಇವುಗಳ ದಪ್ಪ ಬಾಲ್‌ಪೆನ್ನಿನ ರೀಫಿಲ್‌ನಷ್ಟು. ಮನುಷ್ಯನ ಆಯುಷ್ಯವೆಲ್ಲ ನಿಂತಿರುವುದು ಮೂರು ರೀಫಿಲ್‌ಗಳ ಮೇಲೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ.

ಈ ನಾಳಗಳ ಗೋಡೆಯೊಳಗೆ ಜಿಡ್ಡು ಸೇರುವುದಕ್ಕೆ ವರ್ಷಾನುಗಟ್ಟಲೆ ಬೇಕು. ಆದರೆ ಹೃದಯಾಘಾತ ಹೆಚ್ಚಾಗಿ ಆಗುವುದು ಜಿಡ್ಡು ಇಷ್ಟಿಷ್ಟೇ ಬೆಳೆದು ನಾಳವನ್ನು ಪೂರ್ತಿ ಮುಚ್ಚುವುದರಿಂದಲ್ಲ. ಜಿಡ್ಡಿನ ಮೇಲಿನ ತೆಳು ಪೊರೆ ಒಂದು ದಿನ ಹರಿದು, ಆ ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ದಾರಿ ಕಟ್ಟಿಹೋಗುತ್ತದೆ. ‘ನಿನ್ನೆ ಸಂಜೆ ತನಕ ಗಟ್ಟಿಮುಟ್ಟಾಗಿದ್ದ’ ಎಂದು ಸಾವಿನ ಮನೆಗಳಲ್ಲಿ ಕೇಳಿಬರುವ ಮಾತು ಸುಳ್ಳಲ್ಲ. ಅರ್ಧದಷ್ಟೂ ಕಿರಿದಾಗಿರದ ನಾಳದಲ್ಲೂ ಪೊರೆ ಹರಿಯಬಹುದಾದ್ದರಿಂದ, ಹಿಂದಿನ ತಿಂಗಳ ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ವರದಿ ಚೆನ್ನಾಗಿ ಬಂದಿತ್ತು ಎಂಬುದು ಇಂದಿನ ಎದೆನೋವಿಗೆ ಉತ್ತರವಾಗಲಾರದು. ದಾರಿ ಪೂರ್ತಿ ಕಟ್ಟಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಸ್ನಾಯು ಒಳಗಿನಿಂದ ಸಾಯತೊಡಗುತ್ತದೆ. ಆರು ಗಂಟೆಯ ಹೊತ್ತಿಗೆ ಆ ನಾಳವನ್ನು ನಂಬಿದ್ದ ಭಾಗದ ಬಹುಪಾಲು ಹೋಗಿರುತ್ತದೆ. ಸತ್ತ ಜಾಗದಲ್ಲಿ ಕಲೆ ಕಟ್ಟುತ್ತದೆಯೇ ಹೊರತು ಅದು ಮತ್ತೆಂದೂ ಮಿಡಿಯುವುದಿಲ್ಲ. ಅಣ್ಣನ ವಿಷಯದಲ್ಲಿ ನಾವು ಜೀರಿಗೆ ನೀರು, ಮಾತ್ರೆ, ಇಂಜೆಕ್ಷನ್ ಎಂದು ಕಳೆದದ್ದು ಏಳು ಗಂಟೆ ನಲವತ್ತು ನಿಮಿಷ.

ಹೃದಯದ ನೋವು ಹೊಟ್ಟೆಯ ಉರಿಯಂತೆ ಏಕೆ ಕಾಣಬೇಕು ಎಂಬ ಪ್ರಶ್ನೆ ಸಹಜವಾದದ್ದು. ಕೈ, ಭುಜ, ದವಡೆ, ಮೇಲ್ಹೊಟ್ಟೆಗಳಿಂದ ನೋವಿನ ಸುದ್ದಿ ಹೊತ್ತು ತರುವ ನರಗಳೂ ಹೃದಯದ ನರಗಳೂ ಬೆನ್ನುಹುರಿಯನ್ನು ಬಹುಮಟ್ಟಿಗೆ ಅಕ್ಕಪಕ್ಕದಲ್ಲೇ ಸೇರುತ್ತವೆ. ಸುದ್ದಿ ಬಂದದ್ದು ಯಾವ ಮನೆಯಿಂದ ಎಂದು ಮೆದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಅಲ್ಲದೆ ಹೃದಯದ ತಳಭಾಗ ಒರಗಿರುವುದೇ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯುಪದರದ ಮೇಲೆ, ಅದರ ಕೆಳಗೆ ಜಠರ. ತಳಭಾಗದ ಸ್ನಾಯುವಿಗೆ ರಕ್ತ ನಿಂತಾಗ ಹೊಟ್ಟೆ ತೊಳಸುವುದು, ವಾಂತಿ, ತೇಗು ಬರುವುದು ಸಾಮಾನ್ಯ. ಸಕ್ಕರೆ ಕಾಯಿಲೆ ಇರುವವರಲ್ಲಿ ನರಗಳೇ ಮಂಕಾಗಿರುವುದರಿಂದ ಎದೆಯೊಡೆಯುವಂಥ ನೋವಿನ ಬದಲು ಬರೀ ಸುಸ್ತು, ಬೆವರು, ಏದುಸಿರು ಇರಬಹುದು. ಹೆಂಗಸರಲ್ಲಿಯೂ ಹೀಗಾಗುವುದು ಹೆಚ್ಚು. ನಮ್ಮ ಮನೆಗಳಲ್ಲಿ ಹೆಂಗಸರ ಸುಸ್ತಿಗೆ ಯಾರು ಗಡಿಯಾರ ನೋಡುತ್ತಾರೆ ಎಂಬುದನ್ನು ಓದುಗರೇ ಯೋಚಿಸಬೇಕು. ಆದ್ದರಿಂದ ತೇಗಿದ ಮೇಲೆ ಹಗುರವಾಯಿತು, ಮಾತ್ರೆಗೆ ಉರಿ ಇಳಿಯಿತು ಎಂಬುದರಿಂದ ಹೃದಯ ನಿರಾಳವಾಗಿದೆ ಎಂದು ತೀರ್ಮಾನಿಸಲು ಬರುವುದಿಲ್ಲ.

ತೀರ್ಮಾನಿಸಬೇಕಾದದ್ದು ಇಸಿಜಿ. ಅದನ್ನು ಹಾಲೆಂಡಿನ ಲೈಡನ್ ನಗರದಲ್ಲಿ ರೂಪಿಸಿದ ವಿಲ್ಲೆಮ್ ಐಂಥೋವನ್ ಅವರಿಗೆ ನೊಬೆಲ್ ಪುರಸ್ಕಾರ ಬಂದದ್ದು 1924ರಲ್ಲಿ. ನೂರು ವರ್ಷ ದಾಟಿದ, ಐದು ನಿಮಿಷದಲ್ಲಿ ಮುಗಿಯುವ, ಖಾಸಗಿ ಲ್ಯಾಬಿನಲ್ಲೂ ಕೆಲವು ನೂರು ರೂಪಾಯಿಗಳಲ್ಲಿ ಆಗಿಬಿಡುವ ಪರೀಕ್ಷೆ ಇದು. ಎದೆನೋವೆಂದು ಬಂದವರಿಗೆ ಆಸ್ಪತ್ರೆಯ ಬಾಗಿಲು ದಾಟಿದ ಹತ್ತು ನಿಮಿಷಗಳೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಲೋಕ ಒಪ್ಪಿರುವ ಕ್ರಮ. ಮೊದಲ ಇಸಿಜಿಯಲ್ಲಿ ಏನೂ ಕಾಣದೆ ಹೋಗಬಹುದು ಎಂಬುದನ್ನೂ ಜನ ತಿಳಿದಿರಬೇಕು. ನೋವು ಮುಂದುವರಿದರೆ ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ತೆಗೆಯುತ್ತಾರೆ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೊಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡುತ್ತಾರೆ. ಇವೆರಡೂ ಸರಿಯಿದ್ದು, ಹೃದಯದ್ದಲ್ಲ ಎಂದು ವೈದ್ಯರೇ ಹೇಳಿದ ಮೇಲೆ ಗ್ಯಾಸ್ಟ್ರಿಕ್ ಮಾತ್ರೆ ಧಾರಾಳವಾಗಿ ನುಂಗಲಿ, ಯಾರದೂ ಅಭ್ಯಂತರವಿಲ್ಲ. ಈ ಕ್ರಮ ತಿರುಗುಮುರುಗಾಗಬಾರದು ಎಂಬುದಷ್ಟೇ ನನ್ನ ಕಳಕಳಿ. ಹಾಗೆಯೇ ನೋವಿರುವವರು ತಾವೇ ಬೈಕ್ ಓಡಿಸಿಕೊಂಡು ಹೋಗುವುದು, ಸ್ನಾನ ಮುಗಿಸಿ ಹೊರಡೋಣ ಎನ್ನುವುದು ಇವೆಲ್ಲ ಅಪಾಯಕಾರಿ. 108ಕ್ಕೆ ಕರೆ ಮಾಡಿ, ಎದೆನೋವು ಎಂದು ಸ್ಪಷ್ಟವಾಗಿ ಹೇಳಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದ ಮೇಲೆ ಅವರ ಹೆಸರಿನಲ್ಲೇ ಬಂದ ಹೃದಯಜ್ಯೋತಿ ಯೋಜನೆ ಈ ಕಳೆದುಹೋಗುವ ಗಂಟೆಗಳನ್ನು ಉಳಿಸುವುದಕ್ಕೆಂದೇ ರೂಪುಗೊಂಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ಕೂತಲ್ಲಿಂದಲೇ ನೋಡಿ ಹೇಳುತ್ತಾರೆ. ಹೃದಯಾಘಾತ ಖಚಿತವಾದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಅರಸೀಕೆರೆಯಿಂದ ಹಾಸನ ಸುಮಾರು 40 ಕಿಲೋಮೀಟರ್. ಹಾಸನದಿಂದ ಮೈಸೂರು ಅದರ ಮೂರು ಪಟ್ಟು ದೂರ. ಕಟ್ಟಿದ ನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿ ಆಗುವ ಕಡೆಗೆ ತಲುಪುವಷ್ಟರಲ್ಲಿ ಹೊತ್ತು ಮೀರುವ ನಮ್ಮಂಥ ಊರುಗಳಿಗೆ ಈ ಒಂದು ಇಂಜೆಕ್ಷನ್ ಎಂದರೆ ಪುನರ್ಜನ್ಮ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡು ಮೂರು ಗಂಟೆಗಳಲ್ಲಿ. ತಡವಾದಷ್ಟೂ ಹೆಪ್ಪು ಗಟ್ಟಿಯಾಗುತ್ತದೆ, 12 ಗಂಟೆ ದಾಟಿದ ಮೇಲೆ ಸಾಮಾನ್ಯವಾಗಿ ಅದನ್ನು ಕೊಡುವುದೇ ಇಲ್ಲ. ಯೋಜನೆ ಎಷ್ಟೇ ಒಳ್ಳೆಯದಿರಲಿ, ರೋಗಿ ಜಗಲಿಯ ಮೇಲೆ ಸೋಡ ಕುಡಿಯುತ್ತ ಕೂತಿದ್ದರೆ ಅದು ಅವನ ತನಕ ಹೇಗೆ ಬಂದೀತು? ನಮ್ಮ ಊರಿನ ಹಾಲಿನ ಡೇರಿಯ ಮುಂದೆ ಒಂದು ದಿನ ಹತ್ತು ಮಂದಿಯನ್ನು ಕೇಳಿದೆ. ಪುನೀತ್ ಅವರ ಹೆಸರು ಹತ್ತೂ ಜನರಿಗೆ ಗೊತ್ತಿತ್ತು, ಆ ಹೆಸರಿನ ಯೋಜನೆ ಒಬ್ಬರಿಗೂ ಗೊತ್ತಿರಲಿಲ್ಲ.

ಪತ್ರಿಕೆಗಳಲ್ಲಿಯೂ ಒಂದು ವಿನಂತಿ. ಕುಸಿದು ಬಿದ್ದು ಸತ್ತವರೆಲ್ಲರ ಸುದ್ದಿಗೂ ‘ಹೃದಯಾಘಾತದಿಂದ ಸಾವು’ ಎಂಬ ತಲೆಬರಹ ಕೊಡುವ ರೂಢಿ ಬಿಡಬೇಕು. ನಾಳ ಕಟ್ಟಿ ಸ್ನಾಯು ಸಾಯುವುದು ಹೃದಯಾಘಾತ. ಹೃದಯದ ವಿದ್ಯುತ್ ಲಯ ಕೆಟ್ಟು ಅದು ಒಮ್ಮೆಗೇ ನಿಲ್ಲುವುದು ಹೃದಯಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಹುಟ್ಟಿನಿಂದ ಬಂದ ಸ್ನಾಯುದೋಷವೂ ಕಾರಣವಾಗಬಹುದು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ನಡೆಸುವುದಾಗಿ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದ್ದು ಇಂಥ ಗೊಂದಲ ಬಗೆಹರಿಸುವುದಕ್ಕೇ. ಹೆಸರು ಬೇರೆಯಾದರೆ ಮಾಡಬೇಕಾದ ಕೆಲಸವೂ ಬೇರೆ. ಎದೆ ಹಿಡಿದುಕೊಂಡು ಮಾತಾಡುತ್ತಿರುವವರಿಗೆ ಇಸಿಜಿ ಬೇಕು. ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇರುವವರ ಎದೆಯ ನಟ್ಟನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಾಗಿ ಊರಿ, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುತ್ತಲೇ ಇರಬೇಕು. ಏನೂ ಮಾಡದೆ ಸುತ್ತ ನಿಂತು ನೀರು ಚಿಮುಕಿಸುವ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಒಂಬತ್ತನೆಯ ತರಗತಿಯ ಮಗು ಕೂಡ ಕಲಿಯಬಲ್ಲ ಕೆಲಸ ಇದು. ನಿವೃತ್ತಿಗೆ ಮುಂಚಿನ ವರ್ಷ ನಮ್ಮ ಶಾಲೆಯಲ್ಲಿ ಗೋಣಿಚೀಲಕ್ಕೆ ಹೊಟ್ಟು ತುಂಬಿ ಮಕ್ಕಳಿಂದ ಒತ್ತಿಸಿ ಅಭ್ಯಾಸ ಮಾಡಿಸಿದ್ದೆ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಆಗ ಮುಂದಿನವರು ಕೈಗೂಡಿಸಬೇಕು ಎಂಬುದು ಅವರಿಗೆ ಮಾಡಿಯೇ ತಿಳಿಯಿತು.

ಇನ್ನು ಹೃದಯವನ್ನು ಆರೋಗ್ಯವಾಗಿಟ್ಟುಕೊಳ್ಳುವ ಮಾತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಒಂಬತ್ತು ಸಂಗತಿಗಳೇ ಕಾರಣ. ತಂಬಾಕು, ಕೆಟ್ಟ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಇವು ಅವುಗಳಲ್ಲಿ ಬರುತ್ತವೆ. ಹಣ್ಣು ತರಕಾರಿ ತಿನ್ನದಿರುವುದು, ಮೈ ದಣಿಸದಿರುವುದು, ಮದ್ಯಪಾನದ ರೀತಿ ಉಳಿದವು. ದಕ್ಷಿಣ ಏಷ್ಯಾದ ನಮಗೆ ಹೃದಯಾಘಾತ ಬೇರೆಯವರಿಗಿಂತ ಎಳೆಯ ವಯಸ್ಸಿನಲ್ಲೇ ಬರುತ್ತದೆ ಎಂಬುದೂ ಅದರಲ್ಲಿ ಕಂಡುಬಂತು. ಇವೆಲ್ಲದರ ಬಗ್ಗೆ ಬಹಳ ಬರೆಯುವವರಿದ್ದಾರೆ. ನಾನು ನಮ್ಮ ಸೀಮೆಯಲ್ಲಿ ದಿನವೂ ಕಾಣುವ ಎರಡನ್ನು ಮಾತ್ರ ಎತ್ತುತ್ತೇನೆ. “ಬಿಪಿ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ” ಎನ್ನುವವರು ಬೀದಿಗೆ ನಾಲ್ವರು ಸಿಗುತ್ತಾರೆ. ಬಿಪಿ ನಾರ್ಮಲ್ ಬಂದದ್ದು ಮಾತ್ರೆಯಿಂದ; ವೈದ್ಯರನ್ನು ಕೇಳದೆ ಅದನ್ನು ಬಿಟ್ಟರೆ ಒತ್ತಡ ಸದ್ದಿಲ್ಲದೆ ಮತ್ತೆ ಏರುತ್ತದೆ, ನಾಳದ ಗೋಡೆ ಮತ್ತೆ ಒರಟಾಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ನಡುವೆ ನಿಲ್ಲಿಸುವುದಂತೂ ಇನ್ನೂ ಅಪಾಯ, ಏಕೆಂದರೆ ಸ್ಟೆಂಟಿನೊಳಗೇ ಹೆಪ್ಪು ಕಟ್ಟಬಹುದು. ಎರಡನೆಯದು ಬೀಡಿ, ಸಿಗರೇಟು, ಕಡ್ಡಿಪುಡಿ. ಸೇದುವುದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ತಂಬಾಕಿನಿಂದ ಹೃದಯಕ್ಕೆ ಬಂದಿದ್ದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬೇಗ ಫಲ ಕೊಡುವ ಬೇರೆ ಔಷಧ ನನಗೆ ಗೊತ್ತಿಲ್ಲ, ಅದಕ್ಕೆ ಖರ್ಚೂ ಇಲ್ಲ. ಉಪ್ಪಿನ ವಿಷಯದಲ್ಲಿ ಇಷ್ಟೇ: ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ, ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಜೊತೆ ಮಜ್ಜಿಗೆಗೂ ಒಂದು ಚಿಟಿಕೆ ಉದುರಿಸಿಕೊಳ್ಳುವ ನಮ್ಮ ಊಟದಲ್ಲಿ ಅದು ಮಧ್ಯಾಹ್ನಕ್ಕೇ ಮುಗಿದಿರುತ್ತದೆ.

ನಮ್ಮ ಜಿಲ್ಲೆಯ ಆರೋಗ್ಯ ಇಲಾಖೆ ಮಾಡಬಹುದಾದ, ಹೆಚ್ಚು ಹಣ ಬೇಡದ ಕೆಲಸಗಳಿವೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಸಿಜಿ ಯಂತ್ರ ಇದ್ದು ತೆಗೆಯುವವರಿಲ್ಲದ ಸ್ಥಿತಿ, ಪೇಪರ್ ರೋಲ್ ಮುಗಿದಿದೆ ಎಂಬ ಉತ್ತರ ಇವು ಇರಬಾರದು. ಶುಶ್ರೂಷಕಿಯರಿಗೆ ಇಸಿಜಿ ತೆಗೆಯುವುದನ್ನು ಒಂದೆರಡು ದಿನಗಳಲ್ಲಿ ಕಲಿಸಬಹುದು. ಓದಿ ಹೇಳುವುದಕ್ಕೆ ಫೋನಿನ ಆ ಬದಿಯಲ್ಲಿ ತಜ್ಞರಿದ್ದಾರೆ. ಹೃದಯಾಘಾತಗಳು ಬೆಳಗಿನ ಹೊತ್ತು ಹೆಚ್ಚು ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿಯಾದ್ದರಿಂದ, ಹೊರರೋಗಿ ವಿಭಾಗದ ಬಾಗಿಲು ಒಂಬತ್ತಕ್ಕೆ ತೆಗೆಯುವ ತನಕ ಎದೆನೋವಿನವರನ್ನು ಬೆಂಚಿನ ಮೇಲೆ ಕೂರಿಸಬಾರದು. ಮೆಡಿಕಲ್ ಸ್ಟೋರಿನವರಿಗೂ ಒಂದು ಕೋರಿಕೆ: 35 ದಾಟಿದವರು ಬೆವರುತ್ತ ಬಂದು ಎದೆಯುರಿಗೆ ಮಾತ್ರೆ ಕೇಳಿದರೆ, ಮಾತ್ರೆ ಕೈಗಿಡುವ ಮೊದಲು ಇಸಿಜಿ ಆಗಿದೆಯೇ ಎಂದು ಒಂದು ಮಾತು ಕೇಳಿ.

ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮಳೆಯ ಪ್ರಮಾಣ, ಜಲಾಶಯದ ಮಟ್ಟ, ಕೊಬ್ಬರಿಯ ಧಾರಣೆ ಇವೆಲ್ಲ ತಪ್ಪದೆ ಬರುತ್ತವೆ, ನಾವು ಅವುಗಳನ್ನು ತಪ್ಪದೆ ಓದುತ್ತೇವೆ. ಅದೇ ಪುಟದ ಒಂದು ಮೂಲೆಯಲ್ಲಿ ವಾರಕ್ಕೊಮ್ಮೆ, ಯಾವ ತಾಲ್ಲೂಕಿನ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಎಲ್ಲಿ ದಾಸ್ತಾನಿದೆ, ಯಾವ ಸಂಖ್ಯೆಗೆ ಫೋನ್ ಮಾಡಬೇಕು ಎಂಬುದನ್ನು ಇಲಾಖೆಯಿಂದ ತರಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ. ಪ್ರಕಟವಾದರೆ ಅದನ್ನು ಕತ್ತರಿಸಿ ನಮ್ಮ ಊರಿನ ಡೇರಿಯ ಗೋಡೆಗೆ, ಹಾಲಿನ ದರದ ಪಟ್ಟಿಯ ಪಕ್ಕಕ್ಕೆ, ವಾರವಾರ ಅಂಟಿಸುವ ಜವಾಬ್ದಾರಿ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ